ಫೈನಲ್ ರಾತ್ರಿ ತಡೆಹಿಡಿದ ಕಾರ್ಡ್

2022ರ ಡಿಸೆಂಬರ್ 18ರಂದು ಫುಟ್‌ಬಾಲ್ ವಿಶ್ವಕಪ್ ಫೈನಲ್ ಪೆನಾಲ್ಟಿ ಹಂತ ತಲುಪಿದಾಗ ನಮ್ಮ ಪತ್ರಿಕೆಯ ಡಿಜಿಟಲ್ ಡೆಸ್ಕಿನಲ್ಲಿ ಓದುಗರ ಮೊಬೈಲ್‌ಗೆ ಕಳುಹಿಸುವ ಒಂದು ಚಿತ್ರ-ಕಾರ್ಡ್ ಸಿದ್ಧವಾಗಿತ್ತು. ಎಡಕ್ಕೆ ಹಲವು ಕಪ್ಪು ಆಟಗಾರರಿರುವ ಫ್ರಾನ್ಸ್ ತಂಡದ ಚಿತ್ರ, ಬಲಕ್ಕೆ ಅರ್ಜೆಂಟೀನಾ ತಂಡದ ಚಿತ್ರ, ಮೇಲೆ ‘ಅರ್ಜೆಂಟೀನಾದಲ್ಲಿ ಕಪ್ಪು ಜನರೇ ಇಲ್ಲ, ಏಕೆ ಗೊತ್ತೇ?’ ಎಂಬ ಶೀರ್ಷಿಕೆ. ಆ ಪಾಳಿಯಲ್ಲಿ ಅಂತಿಮ ಓದು ನನ್ನದಾಗಿತ್ತು. ಟ್ರೋಫಿ ಎತ್ತುವ ಮೊದಲೇ ಪುಶ್ (ಮೊಬೈಲ್ ಸೂಚನೆ) ಹೋಗಬೇಕೆಂದು ಶಿಫ್ಟ್ ಇನ್‌ಚಾರ್ಜ್ ಅವಸರಪಡಿಸುತ್ತಿದ್ದರು.

‘ಜನರೇ ಇಲ್ಲ’ ಎಂಬುದು ಸುಳ್ಳೆಂದು ನನಗೆ ತಿಳಿದಿತ್ತು. 2010ರ ಜನಗಣತಿಯ ಪ್ರಕಾರವೇ ಅಲ್ಲಿ ಸುಮಾರು 1.5 ಲಕ್ಷ ಆಫ್ರಿಕನ್ ಮೂಲದವರಿದ್ದರು. ಹಾಗಾಗಿ ಶೀರ್ಷಿಕೆಯನ್ನು ‘ಕಪ್ಪು ಜನರು ಎಲ್ಲಿ ಹೋದರು?’ ಎಂದು ತಿದ್ದಿ, 1870ರಲ್ಲಿ ಮುಗಿದ ಪರಾಗ್ವೆ ಯುದ್ಧ ಮತ್ತು 1871ರ ಹಳದಿ ಜ್ವರ ಅವರನ್ನು ಬಲಿ ಪಡೆದವು ಎಂಬ ಪ್ರಚಲಿತ ವಿವರಣೆಯನ್ನು ಸೇರಿಸಿದೆ. ಇಸವಿಗಳಿದ್ದ ಕಾರಣ ಅದು ಗಟ್ಟಿ ಇತಿಹಾಸವೆಂದೇ ನಾನು ಭಾವಿಸಿದ್ದೆ. ಅಷ್ಟರಲ್ಲಿ ಬೇರೊಂದು ಸುದ್ದಿಗಾಗಿ ಕರೆ ಮಾಡಿದ್ದ ಯಲ್ಲಾಪುರ ಕಡೆಯ ನಮ್ಮ ವರದಿಗಾರರು ವಿಷಯ ಕೇಳಿ, “ಮೇಡಂ, ನಮ್ಮ ರಣಜಿ ತಂಡದ ಫೋಟೊ ನೋಡಿ ಕರ್ನಾಟಕದಲ್ಲಿ ಆಫ್ರಿಕನ್ ಮೂಲದ ಸಿದ್ದಿಗಳೇ ಇಲ್ಲ ಅಂತ ಯಾರಾದರೂ ಬರೆದರೆ ಒಪ್ಪುತ್ತೀರಾ? ಎಲ್ಲಿ ಹೋದರು ಅಂತ ಕೇಳಿದರೂ ಅದೇ ಆಯಿತಲ್ಲ, ಇದ್ದವರನ್ನು ಸತ್ತರು ಅಂದ ಹಾಗೆ” ಎಂದರು. ನಾನು ಕಾರ್ಡನ್ನು ಪ್ರಕಟವಾಗದಂತೆ ಲಾಕ್ ಮಾಡಿದೆ. ಮೆಸ್ಸಿ ಟ್ರೋಫಿ ಎತ್ತಿದರು, ಇನ್‌ಚಾರ್ಜ್ ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು, ಪುಶ್ ಹೋಗಲಿಲ್ಲ. ಆ ಹೊತ್ತಿನಲ್ಲಿ ಡೆಸ್ಕಿನಲ್ಲಿ ಯಾರೂ ನನ್ನ ಪರವಾಗಿರಲಿಲ್ಲ.

ಮರುದಿನ ಓದಿದಾಗ ಚಿತ್ರ ಬೇರೆಯೇ ಆಗಿತ್ತು. 1778ರ ಗಣತಿಯಲ್ಲಿ ಬ್ಯೂನಸ್ ಐರಿಸ್ ನಗರದ ಸುಮಾರು ಮೂರನೇ ಒಂದು ಭಾಗದಷ್ಟು ಜನರು ಆಫ್ರಿಕನ್ ಮೂಲದವರೆಂದು ದಾಖಲಾಗಿದ್ದರೆ, 1887ರ ಹೊತ್ತಿಗೆ ಆ ಪ್ರಮಾಣ ಶೇ 2ಕ್ಕಿಂತ ಕೆಳಗಿಳಿದಿತ್ತು. ಯುದ್ಧ ಮತ್ತು ರೋಗಗಳಿಂದ ಅನೇಕರು ಸತ್ತದ್ದು ನಿಜವಾದರೂ, ಅದೊಂದರಿಂದಲೇ ಈ ಇಳಿಕೆ ಆಗಲಿಲ್ಲ. ಯುರೋಪಿನ ವಲಸೆಯನ್ನು ಸರ್ಕಾರ ಪ್ರೋತ್ಸಾಹಿಸಬೇಕೆಂದು 1853ರ ಸಂವಿಧಾನದ 25ನೇ ವಿಧಿಯೇ ಹೇಳಿತು, ಇಟಲಿ ಮತ್ತು ಸ್ಪೇನಿನಿಂದ ಲಕ್ಷಾಂತರ ಜನರು ಬಂದಿಳಿದರು, ಮಿಶ್ರ ಕುಟುಂಬಗಳು ಬೆಳೆದವು. ಜೊತೆಗೆ, ಹಿಂದೆ ಕಪ್ಪು ಎಂದು ಬರೆಯುತ್ತಿದ್ದ ಅನೇಕರನ್ನು ಗುಮಾಸ್ತರು ‘ಗೋಧಿ ಬಣ್ಣದವರು’ ಎಂಬ ಅಸ್ಪಷ್ಟ ಕಲಮಿಗೆ ಸೇರಿಸತೊಡಗಿದರು. ಜನರಿಗಿಂತ ಮೊದಲು ದಾಖಲೆ ಬೆಳ್ಳಗಾಯಿತು. ಅರ್ಜೆಂಟೀನಾದ ಸ್ವಾತಂತ್ರ್ಯ ಸಮರದಲ್ಲಿ ಜನರಲ್ ಬೆಲ್‌ಗ್ರಾನೊ ಅವರ ಸೇನೆಯೊಂದಿಗೆ ಹೋರಾಡಿದ ಮರಿಯಾ ರೆಮೆಡಿಯೋಸ್ ದೆಲ್ ವಾಯೆ ಎಂಬ ಆಫ್ರಿಕನ್ ಮೂಲದ ಮಹಿಳೆಯನ್ನು ‘ನಾಡಿನ ತಾಯಿ’ ಎಂದು ಕರೆಯುತ್ತಾರೆ. ಆಕೆಯ ನೆನಪಿಗೆ ನವೆಂಬರ್ 8ನ್ನು ಆಫ್ರೋ-ಅರ್ಜೆಂಟೀನರ ರಾಷ್ಟ್ರೀಯ ದಿನವೆಂದು 2013ರ ಕಾನೂನು ಗುರುತಿಸಿದೆ.

ಅಲ್ಲಿ ವರ್ಣಭೇದವಿಲ್ಲವೆಂದು ನಾನು ಹೇಳುತ್ತಿಲ್ಲ. 2024ರ ಜುಲೈನಲ್ಲಿ ಕೋಪಾ ಅಮೆರಿಕ ಫುಟ್‌ಬಾಲ್ ಟೂರ್ನಿ ಗೆದ್ದ ಅರ್ಜೆಂಟೀನಾ ತಂಡದ ಆಟಗಾರರು ಫ್ರಾನ್ಸ್ ಆಟಗಾರರ ಆಫ್ರಿಕನ್ ಮೂಲವನ್ನು ಹಂಗಿಸಿ ಹಾಡಿದ ವಿಡಿಯೊ ಇಡೀ ಜಗತ್ತಿಗೆ ಕಂಡಿತು. ಆದರೆ ಅದನ್ನು ಖಂಡಿಸುವ ಭರದಲ್ಲಿ ಆ ದೇಶದ ಕಪ್ಪು ನಾಗರಿಕರನ್ನು ಹೊರಗಿನ ನಾವೂ ಇನ್ನೊಮ್ಮೆ ಅಳಿಸಿಹಾಕುವುದು ನನಗೆ ಅನ್ಯಾಯವಾಗಿ ಕಾಣುತ್ತದೆ, ಏಕೆಂದರೆ 2022ರ ಗಣತಿಯಲ್ಲಿ 3 ಲಕ್ಷಕ್ಕೂ ಹೆಚ್ಚು ಮಂದಿ ತಾವು ಆಫ್ರಿಕನ್ ಮೂಲದವರೆಂದು ಸ್ವತಃ ಹೇಳಿಕೊಂಡಿದ್ದಾರೆ.

ಆ ಕಾರ್ಡ್ ತಡೆದದ್ದಕ್ಕೆ ತಿಂಗಳ ರಿವ್ಯೂನಲ್ಲಿ ‘ಟ್ರೆಂಡ್ ಕೈತಪ್ಪಿತು’ ಎಂಬ ಷರಾ ಬಂತು. ಮಾಹಿತಿ ಎಲ್ಲಿಂದ ಬಂತೆಂದು ಬರೆಯಲು ಕಾರ್ಡ್ ಟೆಂಪ್ಲೇಟಿನಲ್ಲಿ ಇಂದಿಗೂ ಜಾಗವಿಲ್ಲ. ಕೇಳಿದರೆ ವಿನ್ಯಾಸ ಕೆಡುತ್ತದೆ ಎನ್ನುತ್ತಾರೆ. ಕೋಪಾ ಸಮಯದಲ್ಲಿ ಅದೇ ಜೋಡಿಚಿತ್ರ ಮತ್ತೆ ನಮ್ಮ ಪ್ರಕಟಣಾ ತಂತ್ರಾಂಶಕ್ಕೆ (ಸಿಎಂಎಸ್) ಬಂದಾಗ ನಾನು ಮತ್ತೆ ಲಾಕ್ ಮಾಡಿದೆ, ಈ ಬಾರಿ ಮೇಲಿನ ವಿವರಗಳನ್ನೆಲ್ಲ ಟಿಪ್ಪಣಿಯಾಗಿ ಲಗತ್ತಿಸಿ, ಆ ವರದಿಗಾರರಿಗೂ ಒಂದು ಪ್ರತಿ ಕಳುಹಿಸಿದೆ.