ಹಳ್ಳದ ಡೈನಮೋ, ಅಡಿಕೆ ಒಲೆ ಮತ್ತು ಸರ್ಕಾರದ ಇಂಧನ ಯೋಜನೆ

ನಮ್ಮ ತೋಟದ ಮೇಲ್ತುದಿಯಲ್ಲಿ, ಗುಡ್ಡದಿಂದ ಇಳಿಯುವ ಹಳ್ಳದ ದಡದ ಮೇಲೆ, ಹಂಚು ಹೊದಿಸಿದ ಒಂದು ಪುಟ್ಟ ಗೂಡಿದೆ. ಅದರೊಳಗಿರುವುದು ಒಂದು ಕಿಲೋವಾಟಿನ ಜಲವಿದ್ಯುತ್ ಯಂತ್ರ. ಮನೆಯಲ್ಲಿ ಎಲ್ಲರೂ ಅದನ್ನು ಡೈನಮೋ ಎಂದೇ ಕರೆಯುತ್ತೇವೆ. ಸಾಗರ ತಾಲ್ಲೂಕಿನ ನಮ್ಮಂಥ ಒಂಟಿಮನೆಗಳಲ್ಲಿ ಆಷಾಢದ ಮಳೆಗೆ ಲೈನಿನ ಮೇಲೆ ಮರ ಬಿದ್ದಿತೆಂದರೆ ಕರೆಂಟು ಮೂರು ದಿನಕ್ಕೆ ಬಂದರೂ ಬಂತು, ಎಂಟು ದಿನವಾದರೂ ಆಯಿತು. ಅದೇ ಹೊತ್ತಿನಲ್ಲಿ ಹಳ್ಳವು ಮಾತು ಕೇಳಿಸದಷ್ಟು ಸದ್ದು ಮಾಡುತ್ತ ಹರಿಯುತ್ತಿರುತ್ತದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿ ಸುಮಾರು 2 ಕಿಲೋವಾಟಿನಷ್ಟು ಶಕ್ತಿ ಇರುತ್ತದೆ. ಸಣ್ಣ ಯಂತ್ರವು ಅದರಲ್ಲಿ ಅರ್ಧವನ್ನು ಪೋಲು ಮಾಡಿತೆಂದು ಇಟ್ಟುಕೊಂಡರೂ ಒಂದು ಕಿಲೋವಾಟ್ ಕೈಗೆ ಸಿಗುತ್ತದೆ. ಹಗಲು ರಾತ್ರಿ ಎನ್ನದೆ ತಿರುಗುವ ಯಂತ್ರವಾದ್ದರಿಂದ ದಿನಕ್ಕೆ 24 ಯೂನಿಟ್. ಒಂದು ಕಿಲೋವಾಟಿನ ಸೌರಫಲಕವು ಒಳ್ಳೆಯ ಬಿಸಿಲಿನ ದಿನ ಕೊಡುವುದು ನಾಲ್ಕು ಯೂನಿಟ್ಟಿನ ಆಸುಪಾಸು. ವಾರಗಟ್ಟಲೆ ಸೂರ್ಯನ ಮುಖವೇ ಕಾಣದ ನಮ್ಮ ಮಳೆಗಾಲದಲ್ಲಿ ಅದರ ಗಳಿಕೆಯನ್ನು ಹೇಳದಿರುವುದೇ ಒಳ್ಳೆಯದು. ಹಳ್ಳ ಬತ್ತುತ್ತ ಬರುವ ಮಾಘದ ಹೊತ್ತಿಗೆ ಬಿಸಿಲು ಗಟ್ಟಿಯಾಗುತ್ತದೆ, ಹೀಗಾಗಿ ಮಲೆನಾಡಿನಲ್ಲಿ ಇವೆರಡೂ ಒಂದಕ್ಕೊಂದು ಹೆಗಲು ಕೊಡುವ ಜೋಡಿ.

ನಾವು ಈ ಯಂತ್ರವನ್ನು ಸಹಾಯಧನದ ಯೋಜನೆಯೊಂದರಲ್ಲಿ ಹಾಕಿಸಿಕೊಂಡೆವು. ಆರು ಮಳೆಗಾಲ ಚೆನ್ನಾಗಿ ನಡೆಯಿತು. ಏಳನೆಯ ವರ್ಷ ಬೇರಿಂಗ್ ಸವೆಯಿತು, ಅದರ ಬೆನ್ನಿಗೇ ಲೋಡ್ ಕಂಟ್ರೋಲರ್ ಸುಟ್ಟುಹೋಯಿತು. ಮನೆಯಲ್ಲಿ ಬಳಸದೆ ಉಳಿದ ವಿದ್ಯುತ್ತನ್ನು ಒಂದು ಹೀಟರಿಗೆ ತಿರುಗಿಸಿ, ಯಂತ್ರದ ವೇಗ ಏರದಂತೆ ಹಿಡಿದಿಡುವ ಪೆಟ್ಟಿಗೆ ಅದು. ಅದಿಲ್ಲದಿದ್ದರೆ ಯಂತ್ರವು ಲಗಾಮಿಲ್ಲದ ಕುದುರೆ. ಸರಬರಾಜು ಮಾಡಿದವರ ದೂರವಾಣಿ ಎಂದೋ ಮೌನವಾಗಿತ್ತು. ಸಂಬಂಧಪಟ್ಟ ಕಚೇರಿಗೆ ಹೋಗಿ ವಿಚಾರಿಸಿದಾಗ ಅಲ್ಲಿದ್ದವರು ಬಹಳ ಸೌಜನ್ಯದಿಂದಲೇ, ಆ ಯೋಜನೆಯ ಗುರಿ ಪೂರ್ಣಗೊಂಡಿದೆ ಎಂದು ತಿಳಿಸಿದರು. ನನ್ನ ಯಂತ್ರ ನಿಂತಿತ್ತು, ಗುರಿ ಮಾತ್ರ ಪೂರ್ಣಗೊಂಡಿತ್ತು. ನಮ್ಮ ಸರ್ಕಾರಗಳು ಇಂಧನ ಸಂಶೋಧನೆಯನ್ನು ಯೋಜಿಸುವ ಕ್ರಮದ ಬಗ್ಗೆ ಓದಲು ನಾನು ತೊಡಗಿದ್ದು ಅಲ್ಲಿಂದಲೇ.

ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ನವೀಕರಿಸಬಹುದಾದ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಇಂಧನ ತೆಗೆಯುವ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ಅದಕ್ಕೆ ಇಟ್ಟ ಒಟ್ಟು ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ 17,490 ಕೋಟಿ ಉತ್ಪಾದನೆಗೆ ಉತ್ತೇಜನ, 1,466 ಕೋಟಿ ಪ್ರಾಯೋಗಿಕ ಯೋಜನೆಗಳಿಗೆ. ಸಂಶೋಧನೆ ಮತ್ತು ಅಭಿವೃದ್ಧಿಗೆಂದು ಉಳಿದದ್ದು 400 ಕೋಟಿ, ಅಂದರೆ ನೂರಕ್ಕೆ ಎರಡು. ಇನ್ನೂ ತಂತ್ರಜ್ಞಾನವೇ ಪಕ್ವವಾಗದ, ನೀರನ್ನು ಒಡೆಯುವ ಯಂತ್ರವಾದ ವಿದ್ಯುದ್ವಿಭಜಕದ ಬೆಲೆಯೇ ಮುಖ್ಯ ಅಡ್ಡಿಯಾಗಿರುವ ಕ್ಷೇತ್ರದಲ್ಲಿ ಈ ಪ್ರಮಾಣ ನನಗೆ ವಿಚಿತ್ರವಾಗಿ ಕಾಣುತ್ತದೆ. ಸಾಮಾನು ಕೊಳ್ಳಲು ಗಾಡಿ ತುಂಬ ಹಣ, ಅದನ್ನು ನಾವೇ ಮಾಡಲು ಕಲಿಯುವುದಕ್ಕೆ ಚಿಲ್ಲರೆ.

ಇದಕ್ಕಿಂತ ಹಳೆಯದಾದ ಇನ್ನೊಂದು ಲೆಕ್ಕವಿದೆ. 2010-11ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಸೆಸ್ ವಿಧಿಸಿ, ಆ ಹಣದಿಂದ ರಾಷ್ಟ್ರೀಯ ಶುದ್ಧ ಇಂಧನ ನಿಧಿಯನ್ನು ಸ್ಥಾಪಿಸಲಾಯಿತು. ಶುದ್ಧ ಇಂಧನದ ಸಂಶೋಧನೆಗೂ ಹೊಸ ಬಗೆಯ ಯೋಜನೆಗಳಿಗೂ ಹಣ ಒದಗಿಸುವುದು ಅದರ ಉದ್ದೇಶ. ಸೆಸ್ 100, 200 ಎಂದು ಏರುತ್ತ 2016ರಲ್ಲಿ ಟನ್ನಿಗೆ 400 ರೂಪಾಯಿ ತಲುಪಿತು. 2017-18ರವರೆಗೆ ಸಂಗ್ರಹವಾದದ್ದು 86 ಸಾವಿರ ಕೋಟಿಗೂ ಹೆಚ್ಚು, ನಿಧಿಗೆ ವರ್ಗವಾದದ್ದು 29 ಸಾವಿರ ಕೋಟಿಯಷ್ಟು, ಅದರಲ್ಲಿ ಯೋಜನೆಗಳಿಗೆ ಖರ್ಚಾದದ್ದು 16 ಸಾವಿರ ಕೋಟಿಗೂ ತುಸು ಕಡಿಮೆ. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಸೆಸ್ ರಾಜ್ಯಗಳ ತೆರಿಗೆ ನಷ್ಟ ತುಂಬಿಕೊಡುವ ಪರಿಹಾರದ ಖಾತೆಯಲ್ಲಿ ಕರಗಿತು. ಸಂಶೋಧನೆಗೆ ಹಣವಿರಲಿಲ್ಲ ಎಂಬ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಹಣವಿತ್ತು, ಅದನ್ನು ಯಾವ ಪ್ರಶ್ನೆಗೆ ಉತ್ತರ ಹುಡುಕಲು ಖರ್ಚು ಮಾಡಬೇಕೆಂಬ ತಿಳಿವಳಿಕೆ ಇರಲಿಲ್ಲ.

ಆ ತಿಳಿವಳಿಕೆ ಈ ರಾಜ್ಯಕ್ಕೆ ಹೊಸದೇನೂ ಅಲ್ಲ. 1973ರ ತೈಲ ಬಿಕ್ಕಟ್ಟಿನ ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳ ಬಳಕೆಗೆ ತರುವ ‘ಅಸ್ತ್ರ’ ಎಂಬ ಗುಂಪು ಹುಟ್ಟಿತು. ಅವರು ಮೊದಲು ಮಾಡಿದ ಕೆಲಸ ಯಂತ್ರ ತಯಾರಿಸುವುದಲ್ಲ, ಹಳ್ಳಿಗಳಲ್ಲಿ ಕುಳಿತು ಯಾವ ಮನೆಗೆ ಎಷ್ಟು ಸೌದೆ ಬೇಕು, ಅದನ್ನು ಯಾರು ಎಷ್ಟು ದೂರದಿಂದ ಹೊತ್ತು ತರುತ್ತಾರೆ ಎಂದು ಅಳೆದದ್ದು. ಆ ಅಳತೆಯಿಂದ ಬಂದದ್ದು ಅಸ್ತ್ರ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲೂ ಪಾತ್ರೆಗೆ ತಲುಪುವುದು ಕಷ್ಟವಾಗಿದ್ದಾಗ, ಈ ಒಲೆ ಮೂರನೆಯ ಒಂದು ಪಾಲಿನ ಹತ್ತಿರಕ್ಕೆ ಮುಟ್ಟಿಸಿತು. ಆದರೆ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು ಒಲೆ ಉರಿಯುತ್ತಿದೆಯೇ ಎಂದು ನೋಡುವುದಕ್ಕಿಂತ ಕಟ್ಟಿದ ಒಲೆಗಳನ್ನು ಎಣಿಸುವುದರಲ್ಲೇ ಮುಳುಗಿತು; 2002ರಲ್ಲಿ ಕೇಂದ್ರವು ಅದರಿಂದ ಕೈ ತೆಗೆಯಿತು. ನಮ್ಮ ಅಡುಗೆಮನೆಯ ಅಸ್ತ್ರ ಒಲೆಯ ಹೊಗೆಕೊಳವೆ ಒಡೆದಾಗಲೂ ಅದನ್ನು ಸರಿಪಡಿಸುವವರು ಸಿಗಲಿಲ್ಲ. ಡೈನಮೋದ ಕಥೆ ಅದಕ್ಕಿಂತ ಬೇರೆಯಲ್ಲ.

ರೆಡ್ಡಿಯವರ ದೊಡ್ಡ ಕಾಣಿಕೆ ಒಲೆಯಲ್ಲ, ಲೆಕ್ಕ ಹಾಕುವ ರೀತಿ. 1987ರಲ್ಲಿ ಕರ್ನಾಟಕ ಸರ್ಕಾರವು 2000ದ ಇಸವಿಯ ಹೊತ್ತಿಗೆ ರಾಜ್ಯಕ್ಕೆ ಬೇಕಾಗುವ ವಿದ್ಯುತ್ತಿನ ದೀರ್ಘಾವಧಿ ಯೋಜನೆಯೊಂದನ್ನು ಸಿದ್ಧಪಡಿಸಿತು. ಹಿಂದಿನ ಬೆಳವಣಿಗೆಯ ಗೆರೆಯನ್ನೇ ಮುಂದಕ್ಕೆ ಎಳೆದು, ಅದಕ್ಕೆ ತಕ್ಕಂತೆ ಹೊಸ ಸ್ಥಾವರಗಳ ಪಟ್ಟಿ ಮಾಡುವುದು ಅದರ ವಿಧಾನ. ರೆಡ್ಡಿ ಮತ್ತು ಸಂಗಡಿಗರು ಇದಕ್ಕೆ ಎದುರಾಗಿ ಬೇರೆ ಪ್ರಶ್ನೆ ಕೇಳಿದರು: ಜನಕ್ಕೆ ಬೇಕಾದದ್ದು ವಿದ್ಯುತ್ತೋ, ಅಥವಾ ಬೆಳಕು, ಬಿಸಿನೀರು, ತೋಟಕ್ಕೆ ನೀರು ಇವುಗಳೋ? ಎಲ್ಲ ಮನೆಗಳಿಗೂ ದೀಪ ಕೊಟ್ಟು, ಪಂಪ್‌ಸೆಟ್‌ಗಳನ್ನು ಸುಧಾರಿಸಿ, ಸ್ನಾನದ ನೀರನ್ನು ಬಿಸಿಲಿಗೆ ಬಿಟ್ಟರೆ ಬೇಕಾಗುವ ವಿದ್ಯುತ್ತು ಸರ್ಕಾರದ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆ ಎಂದು ಅವರ ಲೆಕ್ಕ ತೋರಿಸಿತು. ಸಂಶೋಧನೆಯ ಆದ್ಯತೆಯೂ ಈ ಲೆಕ್ಕದಿಂದಲೇ ಹೊರಡಬೇಕೆಂಬುದು ನನ್ನ ವಾದ. ಯಾವ ಕೆಲಸ, ಯಾವ ಊರಿನಲ್ಲಿ, ಯಾವ ತಿಂಗಳಿನಲ್ಲಿ ಅತಿ ಹೆಚ್ಚು ಇಂಧನ ನುಂಗುತ್ತದೆಯೋ ಅಲ್ಲಿಗೆ ಪ್ರಯೋಗಶಾಲೆ ಹೋಗಬೇಕು.

ಮಲೆನಾಡಿನಲ್ಲಿ ಆ ಕೆಲಸ ಯಾವುದೆಂದು ಇಲ್ಲಿಯ ಯಾರನ್ನು ಕೇಳಿದರೂ ಹೇಳಿಯಾರು. ಕೊಯ್ಲು ಶುರುವಾದೊಡನೆ ಸುಲಿದ ಹಸಿ ಅಡಿಕೆಯನ್ನು ತಾಮ್ರದ ಹಂಡೆಗಳಲ್ಲಿ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸುವ ಒಲೆಗಳು ಮನೆಮನೆಯಲ್ಲೂ ಹೊತ್ತಿಕೊಳ್ಳುತ್ತವೆ. ಬೇಯಿಸಿದ ಅಡಿಕೆಯನ್ನು ಅಟ್ಟದ ಮೇಲೆ ಹರವಿ ಬಿಸಿಲು ಕಾಯುತ್ತ ಕೂರಬೇಕು. ಹಿಂಗಾರು ಹಿಡಿದುಕೊಂಡರೆ ಬೂಷ್ಟು ಬಂದು ಬಣ್ಣ ಕೆಡುತ್ತದೆ, ರಾಶಿ ಇಡಿ ಎಂಬ ಒಳ್ಳೆಯ ದರ್ಜೆಯ ದರ ಸಿಗಬೇಕಾದ ಮಾಲು ಕೆಳದರ್ಜೆಗೆ ಇಳಿಯುತ್ತದೆ. ಆಗ ಡ್ರೈಯರ್ ಇದ್ದವರು ಅದಕ್ಕೂ ಸೌದೆಯನ್ನೇ ಒಟ್ಟುತ್ತಾರೆ. ಇದೇ ದಿನಗಳಲ್ಲಿ ಸುಲಿದ ಅಡಿಕೆಯ ಸಿಪ್ಪೆಯನ್ನು ತಂದು ರಸ್ತೆಯ ಬದಿಗೆ ಸುರಿದು ಬೆಂಕಿ ಹಾಕುವುದರಿಂದ ಸಂಜೆಯ ಹೊತ್ತು ವಾಹನ ನಡೆಸುವುದೇ ಕಷ್ಟವಾಗುತ್ತದೆ. ಒಂದೇ ಮನೆಯಲ್ಲಿ ಒಂದು ಕಡೆ ಕಾಡಿನ ಸೌದೆ ಉರಿಯುತ್ತದೆ, ಇನ್ನೊಂದು ಕಡೆ ಸಿಪ್ಪೆ ಹೊಗೆಯಾಗಿ ಹೋಗುತ್ತದೆ. ಹಸಿ ಸಿಪ್ಪೆಯಲ್ಲಿ ನೀರಿನಂಶ ಹೆಚ್ಚು, ನಾರು ಹಗುರ, ಜಾಗ ಬಹಳ ತಿನ್ನುತ್ತದೆ. ಆದ್ದರಿಂದ ಅದನ್ನು ಹಾಗೆಯೇ ಒಲೆಗೆ ತುರುಕಲು ಬರುವುದಿಲ್ಲ. ಒಲೆಯಿಂದ ಹೊರಹೋಗುವ ಬಿಸಿಗಾಳಿಯಲ್ಲೇ ಅದನ್ನು ಒಣಗಿಸಿ, ಒತ್ತಿ ಇಟ್ಟಿಗೆ ಮಾಡಿ, ಅಥವಾ ಅನಿಲವಾಗಿಸಿ, ಅದರಿಂದಲೇ ಮುಂದಿನ ಹಂಡೆ ಬೇಯಿಸುವ ಒಂದು ವ್ಯವಸ್ಥೆಯನ್ನು ಅಗ್ಗವಾಗಿ, ಊರಿನ ಲೇತ್ ಅಂಗಡಿಯಲ್ಲಿ ರಿಪೇರಿಯಾಗುವಂತೆ ರೂಪಿಸುವುದು ಸಂಶೋಧನೆಯಲ್ಲವೇ? ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಷ್ಟು ಹಿಂದೆಯೇ ಸೌದೆಯಿಂದ ಅನಿಲ ತೆಗೆದು ವಿದ್ಯುತ್ ಉತ್ಪಾದಿಸಿ ಊರಿಗೆ ದೀಪ, ನೀರು ಕೊಟ್ಟು ತೋರಿಸಿದ ನಾಡು ಇದು. ಅಡಿಕೆ ಸುಲಿಯುವ ಯಂತ್ರವನ್ನು ನಮ್ಮ ಕಡೆಯ ಸಣ್ಣ ವರ್ಕ್‌ಶಾಪಿನವರೇ ತಿದ್ದಿ ತಿದ್ದಿ ಸುಧಾರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಬೆನ್ನಿಗೆ ಒಬ್ಬ ಇಂಜಿನಿಯರನ್ನೂ ಒಂದು ಶಾಖಮಾಪಕವನ್ನೂ ಒದಗಿಸಿದ ಯೋಜನೆಯನ್ನು ಮಾತ್ರ ಕಂಡಿಲ್ಲ.

ಇದು ಸಣ್ಣ ಮಾತಾಯಿತು, ದೇಶಕ್ಕೆ ಬೇಕಾದದ್ದು ಮೆಗಾವಾಟುಗಳು ಎನ್ನುವವರಿಗೆ ನಮ್ಮ ಜಿಲ್ಲೆಯೇ ಉತ್ತರ ಹೇಳಬಲ್ಲದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾದಾಗ ಇಲ್ಲಿ ಕಲ್ಲಿದ್ದಲಿರಲಿಲ್ಲ. ಮಲೆನಾಡಿನ ಮರದ ಇದ್ದಿಲಿನಿಂದಲೇ ಅದಿರು ಕರಗಿಸಿದರು, ಮರವನ್ನು ಬಟ್ಟಿ ಇಳಿಸಿ ರಾಸಾಯನಿಕಗಳನ್ನೂ ತೆಗೆದರು. ಅಂದಿನ ಮೈಸೂರು ಸರ್ಕಾರದ ಮಟ್ಟಿಗೆ ಅದು ಬಹಳ ದೊಡ್ಡ ಪರ್ಯಾಯ ತಂತ್ರಜ್ಞಾನವೇ ಸರಿ. ಅದಕ್ಕೆ ಕಾಡು ತೆತ್ತ ಬೆಲೆ ಮಾತ್ರ ಯಾವ ಜಮಾಖರ್ಚಿನಲ್ಲೂ ಇಲ್ಲ. ಜೋಗದ ವಿದ್ಯುತ್ ಬಂದ ಮೇಲೆ, 1950ರ ದಶಕದಲ್ಲಿ, ಅಲ್ಲಿ ವಿದ್ಯುತ್ ಕುಲುಮೆಗಳು ಕೂತವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಇಂದು 1,035 ಮೆಗಾವಾಟಿನ ಶರಾವತಿ ಕೇಂದ್ರಕ್ಕೆ ನೀರುಣಿಸುವ ಆ ಹಿನ್ನೀರಿನಿಂದ ಎದ್ದುಹೋದ ಕುಟುಂಬಗಳು ವರ್ಷಗಟ್ಟಲೆ ಚಿಮಣಿ ದೀಪದಲ್ಲೇ ಬದುಕಿದವೆಂಬುದು ಈ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ.

ಈಗ ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಪಾವಗಡದಂಥ ಸೌರ ಪಾರ್ಕುಗಳಲ್ಲಿ ಮಧ್ಯಾಹ್ನ ಮಿಗುವ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆಯ ಬೇಡಿಕೆಗೆ ಕೆಳಗೆ ಬಿಡುವುದು ಇದರ ತತ್ವ. ಹೋಗಿ ಬರುವ ದಾರಿಯಲ್ಲಿ ಐದನೆಯ ಒಂದು ಪಾಲಿನಷ್ಟಾದರೂ ವಿದ್ಯುತ್ ನಷ್ಟವಾಗುತ್ತದೆ. ಸಂಗ್ರಹಣೆ ಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಸಿಂಗಳೀಕಗಳ ಅಭಯಾರಣ್ಯದ ಕಾಡಿಗೆ ಕೈ ಹಾಕುವ ಮುನ್ನ, ಇದೇ ಮಧ್ಯಾಹ್ನದ ವಿದ್ಯುತ್ತನ್ನು ಪಂಪ್‌ಸೆಟ್‌ಗಳಿಗೆ ಹರಿಸಿದರೆ ಎಷ್ಟು, ಬ್ಯಾಟರಿಗಳಲ್ಲಿ ಇಟ್ಟರೆ ಎಷ್ಟು, ಸಂಜೆಯ ಬೇಡಿಕೆಯನ್ನೇ ತಗ್ಗಿಸಿದರೆ ಎಷ್ಟು ಎಂದು ರೆಡ್ಡಿಯವರ ಮಾದರಿಯ ಲೆಕ್ಕವೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಜನರ ಮುಂದಿಡಬೇಕು. ಪರ್ಯಾಯಗಳನ್ನು ತೂಗಿ ನೋಡದೆ ಆರಿಸಿದ ತಂತ್ರಜ್ಞಾನವನ್ನು ಪರ್ಯಾಯವೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಡೈನಮೋದ ಬೇರಿಂಗನ್ನು ಸಾಗರದ ಒಬ್ಬ ಲೇತ್ ಕೆಲಸಗಾರರು ಶಾಫ್ಟ್ ಸವರಿ, ಪೇಟೆಯಲ್ಲಿ ಸಿಗುವ ಅಳತೆಯದನ್ನೇ ಕೂರಿಸಿ ಸರಿಮಾಡಿಕೊಟ್ಟರು. ಕಂಟ್ರೋಲರ್ ಇನ್ನೂ ಸಿಕ್ಕಿಲ್ಲ. ಹಾಗಾಗಿ ಈ ಮಳೆಗಾಲದಲ್ಲಿ ಬಚ್ಚಲಿನ ಹಂಡೆಗೆ ಒಂದು ಹೀಟರನ್ನು ಕಾಯಂ ಆಗಿ ಜೋಡಿಸಿ, ಲೋಡು ಏರಿಳಿಯದಂತೆ ನೋಡಿಕೊಂಡು ಯಂತ್ರ ನಡೆಸುತ್ತಿದ್ದೇವೆ. ಬಿಸಿನೀರಿಗೆ ಬರವಿಲ್ಲ, ಆದರೆ ಜಗಲಿಯ ದೀಪಗಳನ್ನು ಬೆಳಗಿನವರೆಗೂ ಆರಿಸುವಂತಿಲ್ಲ. ಮೊನ್ನೆ ಬಂದ ನೆಂಟರೊಬ್ಬರು ಅಭ್ಯಾಸಬಲದಿಂದ ಮಲಗುವ ಮುಂಚೆ ಜಗಲಿಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಹೋದರು, ಉರಿಯುತ್ತ ಉಳಿದಿದ್ದ ಅಡುಗೆಮನೆಯ ಒಂದೇ ಬಲ್ಬು ಬೆಳ್ಳಗೆ ಹೊಳೆದು ಸುಟ್ಟುಹೋಯಿತು.