ಅದು ನನ್ನ ಭಾಗವಲ್ಲ, ಸರ್

ರಾಯಚೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವ ನಾನು ಪ್ರತಿವರ್ಷ ಅಂತಿಮ ವರ್ಷದ ಎರಡು ಮೂರು ತಂಡಗಳಿಗೆ ಪ್ರಾಜೆಕ್ಟ್ ಗೈಡ್ ಆಗಿರುತ್ತೇನೆ. ಮಂಡನೆಯ ವಿಷಯದಲ್ಲಿ ಬಹಳ ಕಾಲ ಅವರಿಗೆ ಒಂದು ತಪ್ಪು ಸಲಹೆಯನ್ನೇ ಕೊಡುತ್ತ ಬಂದಿದ್ದೆ: ನಾಲ್ವರಿದ್ದೀರಿ, ಹದಿನಾರು ಸ್ಲೈಡುಗಳಿವೆ, ತಲಾ ನಾಲ್ಕು ಹಂಚಿಕೊಳ್ಳಿ. ಆ ಹಂಚಿಕೆಯೇ ಒಳ್ಳೆಯ ಕೆಲಸವನ್ನು ಕೆಡಿಸುತ್ತದೆಂದು ಅರ್ಥವಾದದ್ದು, ಭತ್ತ ಒಣಗಿಸುವ ಯಂತ್ರವೊಂದರ ಅಂತಿಮ ಮಂಡನೆಯ ದಿನ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು, ಗಂಗಾವತಿ ಸೀಮೆಯಲ್ಲಿ ಕೊಯ್ಲಾದ ಮೇಲೆ ರೈತರು ಹಸಿ ಭತ್ತವನ್ನು ರಸ್ತೆಯ ಮೇಲೇ ಹರವುತ್ತಾರೆ. ಮೋಡ ಕವಿದರೆ ತಾಡಪತ್ರಿ ಹಿಡಿದು ಓಡುತ್ತಾರೆ. ಆ ಓಟವನ್ನು ಮನೆಯಲ್ಲಿ ಕಂಡುಂಡ ಹುಡುಗನೊಬ್ಬ ತಂಡದಲ್ಲಿದ್ದ. ತಗಡಿನ ಪೆಟ್ಟಿಗೆ, ಗಾಳಿ ಊದುವ ಬ್ಲೋಯರ್, 1 ಕಿಲೋವ್ಯಾಟ್ ಹೀಟರ್, ತೇವಾಂಶದ ಸೆನ್ಸರ್, ಎಲ್ಲವನ್ನೂ ತಾವೇ ಕೂಡಿಸಿದ್ದರು. ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಬ್ಲೋಯರ್ ಬಗ್ಗೆ ಹೇಳುತ್ತಿದ್ದ ವಿದ್ಯಾರ್ಥಿಯನ್ನು ತಡೆದು ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಒಂದು ಕ್ವಿಂಟಲ್ ಭತ್ತವನ್ನು ಶೇ 22ರ ತೇವದಿಂದ ಶೇ 14ಕ್ಕೆ ಇಳಿಸಬೇಕಾದರೆ ಎಷ್ಟು ನೀರು ಹೋಗಬೇಕು?" ಎಂದು ಕೇಳಿದರು. "ಅದು ನನ್ನ ಭಾಗವಲ್ಲ, ಸರ್" ಎಂದು ಅವನು ಪಕ್ಕಕ್ಕೆ ನೋಡಿದ. ಪಕ್ಕದಲ್ಲಿದ್ದವಳದು ಸೆನ್ಸರ್. ಲೆಕ್ಕ ಮಾಡಿದ್ದವನು ತನ್ನ ನಾಲ್ಕು ಸ್ಲೈಡು ಮುಗಿಸಿ ಗೋಡೆಗೆ ಒರಗಿ ನಿಂತಿದ್ದ. ತನಗೆ ಸಂಬಂಧವಿಲ್ಲವೆಂದುಕೊಂಡು ಪ್ರಶ್ನೆಯನ್ನೇ ಕೇಳಿಸಿಕೊಂಡಿರಲಿಲ್ಲ.

ಲೆಕ್ಕವೇನೂ ದೊಡ್ಡದಲ್ಲ. ನೂರು ಕಿಲೋದಲ್ಲಿ 78 ಕಿಲೋ ಒಣ ಪದಾರ್ಥ, ಅದು ಬದಲಾಗುವುದಿಲ್ಲ. ಕೊನೆಗೆ ಅದೇ 78 ಕಿಲೋ ಒಟ್ಟು ತೂಕದ ಶೇ 86 ಆಗಬೇಕು, ಅಂದರೆ ಉಳಿಯುವುದು 90.7 ಕಿಲೋ, ಹೋಗಬೇಕಾದ ನೀರು 9.3 ಕಿಲೋ. ಇಷ್ಟು ನೀರನ್ನು ಆವಿಯಾಗಿಸಲು, ಶಾಖ ಒಂದಿಷ್ಟೂ ಪೋಲಾಗದಿದ್ದರೂ, ಆ ಹೀಟರಿಗೆ ಆರು ಗಂಟೆಗೂ ಹೆಚ್ಚು ಬೇಕು. ಬೇಗ ಮುಗಿಸೋಣವೆಂದು ಗಾಳಿಯನ್ನು ಹೆಚ್ಚು ಕಾಯಿಸಿದರೆ ಕಾಳು ಸೀಳಿ ಗಿರಣಿಯಲ್ಲಿ ನುಚ್ಚಾಗುತ್ತದೆ. ಹೀಟರಿಗೂ ಬ್ಲೋಯರಿಗೂ ಸೆನ್ಸರಿಗೂ ಆ ಒಂದೇ ಅಂಕಿ ತಾಯಿಬೇರು. ಅದನ್ನು ಒಬ್ಬನ ಭಾಗವೆಂದು ಬೇರೆ ಮಾಡಿಟ್ಟದ್ದು ನನ್ನ ತಪ್ಪು.

ಅಂದಿನಿಂದ ಸ್ಲೈಡು ಮಾಡುವುದಕ್ಕೂ ಮೊದಲು ತಂಡದ ಪ್ರತಿಯೊಬ್ಬರೂ ಇಡೀ ವಿನ್ಯಾಸವನ್ನು ಎರಡು ನಿಮಿಷದಲ್ಲಿ, ಬರಿಗೈಯಲ್ಲಿ ನಿಂತು ಹೇಳಬೇಕೆಂದು ನಿಯಮ ಮಾಡಿದ್ದೇನೆ. ಅಭ್ಯಾಸಕ್ಕೆ ನಮ್ಮ ಸೀಮೆಯ ಘಟನೆಯೊಂದನ್ನು ಕೊಡುತ್ತೇನೆ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು, ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಅದನ್ನು ಮುಚ್ಚಿದ್ದು. ಗೇಟನ್ನು ಯಾವುದು ಹಿಡಿದಿತ್ತು, ಏಕೆ ಹೋಯಿತು, ಏನು ಮಾಡಿದರು ಎಂಬ ಮೂರು ಮಾತುಗಳನ್ನು ನಾಲ್ವರೂ ಒಬ್ಬೊಬ್ಬರಾಗಿ ಹೇಳಿದಾಗ, ಕಾರಣ ಹೇಳುವವರು ಯಾರು, ಸುದ್ದಿ ಹೇಳುವವರು ಯಾರು ಎಂಬುದು ಅವರಿಗೇ ತಿಳಿಯುತ್ತದೆ.

ಈ ಅಭ್ಯಾಸ ಮೊದಲು ಕನ್ನಡದಲ್ಲೇ ಆಗಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಮ್ಮಲ್ಲಿಗೆ ಬರುವ ಎಷ್ಟೋ ಮಕ್ಕಳು ಹಳ್ಳಿಯ ಕನ್ನಡ ಶಾಲೆಗಳಲ್ಲಿ ಓದಿದವರು. ಇಂಗ್ಲಿಷ್ ವಾಕ್ಯಗಳನ್ನು ಉರುಹೊಡೆದು ಬಂದರೆ ಮಧ್ಯೆ ಬಿದ್ದ ಒಂದು ಪ್ರಶ್ನೆಗೆ ಎಲ್ಲವೂ ಮರೆತುಹೋಗುತ್ತದೆ. ಕನ್ನಡದಲ್ಲಿ ವಿಷಯ ಕೈವಶವಾದ ಮೇಲೆ ಇಂಗ್ಲಿಷಿನ ವಾಕ್ಯ ತಪ್ಪಿದರೂ ವಿಷಯ ತಪ್ಪುವುದಿಲ್ಲ.

ಸ್ಲೈಡಿನ ತಲೆಬರಹವಾಗಿ "ಬ್ಲೋಯರ್ ಆಯ್ಕೆ" ಎಂದು ಬರೆಯಬಾರದು, "9.3 ಕಿಲೋ ನೀರನ್ನು ಹೊರಹಾಕಲು ಈ ಬ್ಲೋಯರ್ ಸಾಕು" ಎಂದು ಪೂರ್ತಿ ವಾಕ್ಯ ಬರೆದು, ಕೆಳಗೆ ಅದಕ್ಕೆ ಆಧಾರವಾದ ನಕ್ಷೆಯನ್ನೋ ಅಳತೆಯನ್ನೋ ಇಡಬೇಕು. ಒಬ್ಬರು ಮುಗಿಸುವ ಮಾತೇ ಮುಂದಿನವರ ಪ್ರಶ್ನೆಯಾಗಬೇಕು: "ಇಷ್ಟು ನೀರು ಹೋಗಬೇಕು, ಹೋಯಿತೆಂದು ತಿಳಿಯುವುದು ಹೇಗೆ?" ಎಂದು ಅವನು ನಿಲ್ಲಿಸಿದರೆ ಸೆನ್ಸರಿನವಳು ಅಲ್ಲಿಂದಲೇ ಎತ್ತಿಕೊಳ್ಳುತ್ತಾಳೆ. ತಾಲೀಮಿಗೆ ಬೇರೆ ವಿಭಾಗದ ಇಬ್ಬರನ್ನು ಕೂರಿಸಿ, ಗಡಿಯಾರ ಇಟ್ಟು, ಅವರಿಗೆ ಅರ್ಥವಾಗದ ಕಡೆ ಕೈ ಎತ್ತಲು ಹೇಳುತ್ತೇನೆ.

ಕಳೆದ ಸಲದ ತಂಡ ಹತ್ತಿ ಕಟ್ಟಿಗೆ ಕೀಳುವ ಕೈಸಾಧನ ಮಾಡಿತ್ತು. ಒಂದು ಗಿಡ ಕೀಳಲು ಎಷ್ಟು ಬಲ ಬೇಕೆಂಬ ಪ್ರಶ್ನೆ ಬಂದದ್ದು ಚಿತ್ರ ಬರೆದಿದ್ದ ಹುಡುಗಿಗೆ. ಸ್ಪ್ರಿಂಗ್ ತಕ್ಕಡಿ ಕಟ್ಟಿ ಹೊಲದಲ್ಲಿ ಅಳೆದ ರೀತಿಯನ್ನು ಅವಳು ಹೇಳಿದಳು. ಅಳೆದಿದ್ದ ಹುಡುಗ ಅವಳು ಮುಗಿಸುವವರೆಗೆ ಕಾದು, ಒಣ ಎರೆಭೂಮಿಯಲ್ಲಿ ಮಾತ್ರ ಅಳೆದಿದ್ದೇವೆ, ಹಸಿ ನೆಲದಲ್ಲಿ ಇನ್ನೂ ಅಳೆದಿಲ್ಲ ಎಂದು ಸೇರಿಸಿದ. ಪರೀಕ್ಷಕರು ಕುರ್ಚಿಯಿಂದೆದ್ದು ಬಂದು ಸಾಧನದ ಹಿಡಿಕೆಯನ್ನು ಕೈಗೆ ತೆಗೆದುಕೊಂಡರು.