‘ಯಾರಿಗೆ ಹಾಕಬೇಕು, ಹೇಳಿ ಸರ್’ ಎನ್ನುವವರಿಗೆ ನನ್ನ ಉತ್ತರ

ರಾಯಚೂರಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುವ ನನಗೆ ಲೋಕಸಭಾ ಚುನಾವಣೆ ಬಂತೆಂದರೆ ಮದುವೆ ಮನೆಯಲ್ಲೂ ಬಸ್ ನಿಲ್ದಾಣದಲ್ಲೂ ಒಂದೇ ಪ್ರಶ್ನೆ. ‘ವಿಶ್ವವಿದ್ಯಾಲಯದ ಮೇಷ್ಟ್ರುಗಳೆಲ್ಲ ಸೇರಿ ಗಂಟೆಗಟ್ಟಲೆ ಚರ್ಚೆ ಮಾಡುತ್ತೀರಿ. ಯಾರಿಗೆ ಮತ ಹಾಕಬೇಕೆಂದು ಮಾತ್ರ ಹೇಳುವುದಿಲ್ಲ. ಇದರಿಂದ ಏನು ಬಂತು?’ ನನ್ನ ಸೋದರಮಾವ ಇನ್ನೂ ನೇರ: ‘ಅಳಿಯಾ, ಬಾಯಿ ಮುಚ್ಚಿಕೊಂಡಿರಲು ಇಷ್ಟು ಓದಬೇಕಿತ್ತೇ?’

ಒಂದು ಕಾರಣ ಸರಳ. ಚುನಾವಣಾ ಕೆಲಸಕ್ಕೆ ವಿಶ್ವವಿದ್ಯಾಲಯಗಳ ಸಿಬ್ಬಂದಿಯನ್ನೂ ಕರೆಯಲು ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಅವಕಾಶವಿದೆ. ಏಪ್ರಿಲ್‌ನಲ್ಲಿ ಒಂದು ಪಕ್ಷದ ಪರ ಭಾಷಣ ಮಾಡಿದವನು ಮೇ ತಿಂಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಕುಳಿತರೆ, ಮತದಾನಕ್ಕೆ ಮುನ್ನ ಯಂತ್ರ ಪರೀಕ್ಷಿಸುವ ಅಣಕು ಮತದಾನ ನೋಡಲು ಬಂದ ಪಕ್ಷಗಳ ಏಜೆಂಟರು ಅವನ ಮುಖವನ್ನು ಯಾವ ನಂಬಿಕೆಯಿಂದ ನೋಡಿಯಾರು?

ಇನ್ನೊಂದು ಕಾರಣ ಹೇಳಲು 2024ರ ಏಪ್ರಿಲ್‌ಗೆ ಹೋಗಬೇಕು. ಹತ್ತು ಹನ್ನೆರಡು ಜನ ಅಧ್ಯಾಪಕರು ವಿಭಾಗದ ಕೊಠಡಿಯಲ್ಲಿ ಸೇರಿದ್ದೆವು, ವಿದ್ಯಾರ್ಥಿಗಳೂ ಬಂದಿದ್ದರು. ಹಿಂದಿನ ಮುಂಗಾರು ಕೈಕೊಟ್ಟ ವರ್ಷ, ಹೊರಗೆ ಬಿಸಿಲು ಕಾದ ಹಂಚು. ಮಾತು ಮೊದಲು ಏಮ್ಸ್ ಆಸ್ಪತ್ರೆಯ ಕಡೆಗೇ ಹರಿಯಿತು. 2022ರ ಮೇ ತಿಂಗಳಿಂದ ಈ ಊರಿನ ಜನ ಅದಕ್ಕಾಗಿ ಧರಣಿ ಕುಳಿತಿದ್ದರು. ನಮಗೇ ಸಿಗಬೇಕಿತ್ತೆಂದು ನಾವು ನಂಬಿದ್ದ ಐಐಟಿ 2016ರಲ್ಲಿ ಧಾರವಾಡದಲ್ಲಿ ಆರಂಭವಾದ ನೋವೂ ಅದರ ಹಿಂದಿದೆ. ದನಿಗಳು ಏರಿದವು. ಆಗ ಅರ್ಥಶಾಸ್ತ್ರದ ಹಿರಿಯರೊಬ್ಬರು ಎದ್ದು ಹಲಗೆಯ ಮೇಲೆ ಮೂರು ಗೆರೆ ಎಳೆದು ‘ದೆಹಲಿ’, ‘ಬೆಂಗಳೂರು’, ‘ಇಬ್ಬರೂ’ ಎಂದು ಬರೆದರು. ‘ಬೇಡಿಕೆ ಹೇಳಿ, ಅದು ಯಾರ ಕೈಯಲ್ಲಿದೆ ಎಂದೂ ಹೇಳಿ’ ಎಂದರು.

ಏಮ್ಸ್ ದೆಹಲಿಯ ಕೆಳಗೆ ಹೋಯಿತು. ರಾಜ್ಯ ಶಿಫಾರಸು ಮಾಡಬಹುದು, ಮಂಜೂರು ಮಾಡುವುದು ಕೇಂದ್ರ. ತುಂಗಭದ್ರಾ ಜಲಾಶಯದ ಹೂಳು ಬಂದಾಗ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. 133 ಟಿಎಂಸಿ ನೀರು ಹಿಡಿಯಬೇಕಾದ ಜಲಾಶಯದಲ್ಲಿ ಈಗ ಸುಮಾರು 105 ಟಿಎಂಸಿಗೆ ಮಾತ್ರ ಜಾಗವಿದೆ. ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಭತ್ತ ಹಾಕಿದ ರೈತನಿಗೆ ಆ ಕೊರತೆಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನೀರು ಮೂರು ರಾಜ್ಯಗಳದ್ದು, ಅಣೆಕಟ್ಟೆ ಕೇಂದ್ರ ಮತ್ತು ರಾಜ್ಯಗಳ ಪ್ರತಿನಿಧಿಗಳಿರುವ ತುಂಗಭದ್ರಾ ಮಂಡಳಿಯ ಉಸ್ತುವಾರಿಯದ್ದು. ಅದು ‘ಇಬ್ಬರೂ’ ಅಡಿಯಲ್ಲಿ ಸೇರಿತು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಗೆ ಸಂಸತ್ತು 2012ರಲ್ಲಿ ಒಪ್ಪಿಗೆ ಕೊಟ್ಟಿತು, ಸರಿ. ಅದರಡಿ ನಮ್ಮ ಶಾಲೆ, ಆಸ್ಪತ್ರೆಗಳ ಖಾಲಿ ಹುದ್ದೆ ತುಂಬಬೇಕಾದದ್ದು ರಾಜ್ಯ ಸರ್ಕಾರ. ಹಾಗಿರುವಾಗ ಸಂಸದನಾಗಲು ಹೊರಟವನು ‘ಹುದ್ದೆ ತುಂಬಿಸುತ್ತೇನೆ’ ಎಂದರೆ ‘ಹೇಗೆ?’ ಎಂದು ಕೇಳಲೇಬೇಕು. ಆ ಗೆರೆಗಳ ನಡುವೆ ನಾನು ಕಲಿತದ್ದು ಬಹಳ. ಯಾರ ಕೈಯಲ್ಲಿ ಏನಿದೆ ಎಂದು ತಿಳಿದ ಮತದಾರನ ಎದುರು ಸುಳ್ಳು ಭರವಸೆ ನಿಲ್ಲುವುದಿಲ್ಲ. ಇದನ್ನು ತಿಳಿಸುವುದು ನಮ್ಮ ಕೆಲಸ, ಅದಕ್ಕಾಗಿಯೇ ಜನ ನಮಗೆ ಸಂಬಳ ಕೊಡುತ್ತಾರೆ. ‘ನಮಗೇಕೆ ಈ ಉಸಾಬರಿ’ ಎಂದು ಚರ್ಚೆಗೇ ಬಾರದ ಸಹೋದ್ಯೋಗಿಗಳ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಆ ದಿನದ ಅತಿ ದೊಡ್ಡ ಪ್ರಶ್ನೆ ಕೇಳಿದವನು ಅಧ್ಯಾಪಕನಲ್ಲ. ದೇವದುರ್ಗದ ಕಡೆಯ ಒಬ್ಬ ಹುಡುಗ ಹಿಂದಿನ ಬೆಂಚಿನಲ್ಲಿ ಎದ್ದು ನಿಂತ. ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ‘ಸರ್, ನಮ್ಮ ಅಪ್ಪ, ಅವ್ವ ಗುಳೆ ಹೋಗಿದ್ದಾರೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಅವರ ಮತ ಯಾವ ಗೆರೆಯ ಕೆಳಗೆ ಬರುತ್ತದೆ?’ ಎಂದ. ಬೆಂಗಳೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೆ, ನಮ್ಮಲ್ಲಿ ಮೇ 7ಕ್ಕೆ. ಅಲ್ಲಿ ರಜೆ ಇದ್ದ ದಿನ ಅವರಿಗೆ ಮತವಿಲ್ಲ, ಇಲ್ಲಿ ಮತವಿದ್ದ ದಿನ ಅಲ್ಲಿ ರಜೆಯಿಲ್ಲ. ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕೆಂದು ನಿಯಮವಿದೆ ಎಂದು ನಾನು ಹೇಳಿದೆ. ಹುಡುಗ ಮರುಮಾತಾಡಲಿಲ್ಲ. ಮೇಸ್ತ್ರಿಯ ಎದುರು ನಿಂತು ಆ ನಿಯಮ ಹೇಳುವವರು ಯಾರು ಎಂಬುದು ಅವನ ಮುಖದಲ್ಲಿತ್ತು.

ಆ ಸಂಜೆ ನಾವು ಅಭ್ಯರ್ಥಿಗಳಿಗೆ ಕೇಳಬೇಕಾದ ಪ್ರಶ್ನೆಗಳ ಒಂದು ಹಾಳೆ ಸಿದ್ಧಪಡಿಸಿದೆವು. ಗುಳೆ ಹೋದವರ ಮತದ ಬಗ್ಗೆ ಸಂಸತ್ತಿನಲ್ಲಿ ಏನು ಕೇಳುತ್ತೀರಿ ಎಂಬುದು ಅದರಲ್ಲಿ ಮೊದಲ ಪ್ರಶ್ನೆ. ನಮ್ಮಲ್ಲಿ ಯಾರು ಯಾರಿಗೆ ಮತ ಹಾಕುತ್ತೇವೆಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳಿದ್ದರೆ ಆ ಹಾಳೆಗೆ ಎಲ್ಲರ ಸಹಿ ಬೀಳುತ್ತಿರಲಿಲ್ಲ.

ಮತದಾನ ಮುಗಿದ ಮೇಲೆ ಆ ಹುಡುಗ ಸಿಕ್ಕ. ಅಪ್ಪ ಬಂದಿದ್ದರಂತೆ, ರಾತ್ರಿ ಬಸ್ಸಿಗೆ ಬಂದು ಮರುರಾತ್ರಿಯೇ ಹೊರಟರಂತೆ. ಇಬ್ಬರ ಬಸ್ ಚಾರ್ಜಿಗೆ ಹಣ ಸಾಲದ್ದರಿಂದ ಅವ್ವ ಬರಲಿಲ್ಲ.